ಗಾಲಿ ಕಾಯುವವರು ಯಾರು?

ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಿಂದ ಮಾತಾಡುತ್ತಿದ್ದೇನೆ. ಬೇಸಿಗೆ ಬಂತು. ಡಿಸೆಪ್ಷನ್ ಪಾಸ್‌ಗೋ ಇನ್ನೆಲ್ಲಿಗೋ ಮನೆಮಂದಿಯೆಲ್ಲ ಕ್ಯಾಂಪಿಂಗ್ ಹೊರಡುತ್ತೀರಿ. ಈಗ ಕಾರು ಓಡಿಸುವವರೂ ನೀವೇ.

ಹೋದ ವರ್ಷ ಇಂಥದೇ ಒಂದು ಕ್ಯಾಂಪಿನಲ್ಲಿ ಐಸ್ ತರಲೆಂದು ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಕ್ಯಾಮೆರಾದಲ್ಲಿ ಯಾರೂ ಕಾಣಲಿಲ್ಲ. "ಆಂಟಿ, ನಿಲ್ಲಿಸಿ!" ಎಂದು ಹುಡುಗಿಯೊಬ್ಬಳು ಕೂಗಿದಳು. ಮೂರು ವರ್ಷದ ಪುಟ್ಟ ಮುಂದಿನ ಚಕ್ರದ ಪಕ್ಕ ಕೂತು ಕಾಯಿ ಆರಿಸುತ್ತಿದ್ದ. ದೊಡ್ಡವರು ಹತ್ತು ಜನ ಇದ್ದೆವು. ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ವರ್ಷದ ಕ್ಯಾಮರನ್, ಅಪ್ಪ ಹಿಂದಕ್ಕೆ ತೆಗೆಯುತ್ತಿದ್ದ ಕಾರಿಗೇ ಸಿಕ್ಕಿ ತೀರಿಕೊಂಡ. ಅವನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂತು. 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯವಾಯಿತು. ಆದರೆ ಅದು ಹಿಂದೆ ಮಾತ್ರ ನೋಡುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಪಕ್ಕಕ್ಕೆ ಸರಿಯುವುದು ಕಾರಿನ ಮುಂಭಾಗ.

ನಮ್ಮೂರ ತೇರಿನಲ್ಲಿ ಹಗ್ಗ ಎಳೆಯಲು ನೂರಾರು ಜನ, ಗಾಲಿ ನೋಡಲು ಬೇರೆಯೇ ಜನ. ಅವರ ಕಣ್ಣು ದೇವರ ಮೇಲೂ ಇರುವುದಿಲ್ಲ. ನೀವೂ ಕಾರು ಹತ್ತುವ ಮುನ್ನ ಅದರ ಸುತ್ತ ಒಮ್ಮೆ ನಡೆಯಿರಿ. ಒಬ್ಬರು ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ ಎಣಿಸಲಿ. ಎಣಿಸಿದ ಮೇಲೇ ಕಾರು ಕದಲಲಿ. ದೊಡ್ಡವರು ನಕ್ಕರೆ ನಗಲಿ. ಅವತ್ತು ಕೂಗಿದ ಹುಡುಗಿ ನಿಮ್ಮ ವಯಸ್ಸಿನವಳೇ.