ಆಟದ ಬಯಲಿನಲ್ಲಿ ಬಿದ್ದವರ ಹೊಣೆ ಯಾರದು?

(ಆದೋನಿ ಭಾಗದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಪಠ್ಯಪುಸ್ತಕ, ಶಿಕ್ಷಕರ ನೇಮಕ, ಪ್ರಶ್ನೆಪತ್ರಿಕೆ ಇವುಗಳದೇ ಮಾತು. ಇವತ್ತು ನಾನು ಆಟದ ಬಗ್ಗೆ ಮಾತನಾಡುತ್ತೇನೆ. ಕೌತಾಳ, ಹೊಳಗುಂದಿ, ಕೋಸಿಗಿ, ಹಾಲಹರವಿ ಎಲ್ಲಿಗೆ ಹೋದರೂ ಸಂಜೆಗೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ನಡೆಯುತ್ತಲೇ ಇರುತ್ತವೆ. ಹಬ್ಬ, ಜಾತ್ರೆ, ಉರುಸು ಬಂದರೆ ಊರ ಹುಡುಗರೇ ಚಂದಾ ಎತ್ತಿ ಪಂದ್ಯಾವಳಿ ಮಾಡುತ್ತಾರೆ. ಬಹುಮಾನಕ್ಕೆ ಹಣ ಕೂಡಿಸುತ್ತಾರೆ, ಶಾಮಿಯಾನ ಹಾಕಿಸುತ್ತಾರೆ, ಮೈಕು ತರುತ್ತಾರೆ. ಆದರೆ ಒಬ್ಬ ಹುಡುಗ ಬಿದ್ದು ಕೈ ಮುರಿದುಕೊಂಡರೆ ಖರ್ಚು ಯಾರದು ಎಂಬುದನ್ನು ಮಾತ್ರ ಯಾರೂ ಮೊದಲೇ ಯೋಚಿಸುವುದಿಲ್ಲ.

ಈ ಪ್ರಶ್ನೆ ನಮಗೆ ಸಣ್ಣದಲ್ಲ. ಮಳೆ ಕೈಕೊಟ್ಟ ವರ್ಷ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಮನೆಯಲ್ಲಿ ಒಂದು ಮೂಳೆ ಮುರಿದರೆ ಆಸ್ಪತ್ರೆಯ ಖರ್ಚು ಒಂದು ಕಡೆ, ಮಗುವಿನ ಬಳಿ ಕೂತವರ ಕೂಲಿ ಹೋಗುವುದು ಇನ್ನೊಂದು ಕಡೆ. ಕೊನೆಗೆ ಮಗುವಿನ ಶಾಲೆಯೇ ನಿಲ್ಲಬಹುದು.

ಮೊದಲು ಎರಡು ಬಗೆಯ ವಿಮೆಯನ್ನು ಬೇರೆ ಬೇರೆ ಮಾಡಿ ತಿಳಿಯಬೇಕು. ಒಂದು, ಅಪಘಾತ ವಿಮೆ. ಇದು ಗಾಯಗೊಂಡ ಆಟಗಾರನಿಗೆ ಸಿಗುವ ಹಣ. ತಪ್ಪು ಯಾರದು ಎಂದು ಇಲ್ಲಿ ಕೇಳುವುದಿಲ್ಲ. ಎರಡು, ಹೊಣೆಗಾರಿಕೆ ವಿಮೆ. ಆಟ ನಡೆಸುವವರ ಅಜಾಗರೂಕತೆಯಿಂದ ಬೇರೆಯವರಿಗೆ ಪೆಟ್ಟಾಗಿ, ಅವರು ಪರಿಹಾರ ಕೇಳಿದಾಗ, ಸಂಘದ ಪರವಾಗಿ ಕಂಪನಿ ಕೊಡುವ ಹಣ ಇದು. ಪ್ರೇಕ್ಷಕರ ಮೇಲೆ ಶಾಮಿಯಾನ ಬಿದ್ದರೆ, ಚೆಂಡು ರಸ್ತೆಗೆ ಹೋಗಿ ದಾರಿಹೋಕರಿಗೆ ಬಡಿದರೆ, ಈ ಎರಡನೆಯದು ಬೇಕಾಗುತ್ತದೆ. ಒಂದನ್ನು ಮಾಡಿಸಿ ಎರಡೂ ಆಯಿತೆಂದು ತಿಳಿಯಬಾರದು.

ಹೊಣೆ ಎಂದರೇನು ಎಂಬುದಕ್ಕೆ ವಕೀಲರು ಹೇಳುವ ಒಂದು ಹಳೆಯ ಮೊಕದ್ದಮೆ ಇದೆ. 1947ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕ್ರಿಕೆಟ್ ಕ್ಲಬ್ಬಿನ ಮೈದಾನದಿಂದ ಹೊರಗೆ ಹಾರಿದ ಚೆಂಡು ರಸ್ತೆಯಲ್ಲಿದ್ದ ಹೆಂಗಸೊಬ್ಬರಿಗೆ ಬಡಿಯಿತು. ಸುಮಾರು 30 ವರ್ಷಗಳಲ್ಲಿ ಐದಾರು ಸಲ ಮಾತ್ರ ಚೆಂಡು ಹಾಗೆ ಹೊರಗೆ ಹೋಗಿತ್ತು. ಅಪಾಯ ತೀರ ಕಡಿಮೆ ಎಂದು 1951ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಕ್ಲಬ್ಬನ್ನು ಹೊಣೆ ಮಾಡಲಿಲ್ಲ. ಆದರೆ 1977ರ ಇನ್ನೊಂದು ಮೊಕದ್ದಮೆಯಲ್ಲಿ ಚೆಂಡು ಪಕ್ಕದ ಮನೆಗಳಿಗೆ ಪದೇ ಪದೇ ಬೀಳುತ್ತಿತ್ತು. ಅಲ್ಲಿ ಕ್ಲಬ್ಬು ಪರಿಹಾರ ಕೊಡಬೇಕಾಯಿತು. ಇದರ ತಾತ್ಪರ್ಯ ಸರಳ. ಅಪಾಯ ಪದೇ ಪದೇ ಕಾಣುತ್ತಿದ್ದೂ ಸುಮ್ಮನಿದ್ದವನು ಹೊಣೆಗೆ ಸಿಕ್ಕುತ್ತಾನೆ. ರಸ್ತೆಯ ಪಕ್ಕದಲ್ಲೇ ಪಂದ್ಯ ಆಡಿಸುವ ನಮ್ಮ ಹುಡುಗರು ಇದನ್ನು ನೆನಪಿಡಲಿ.

ಸಂಘ ನೋಂದಣಿಯಾಗಿರದಿದ್ದರೆ ಪರಿಹಾರದ ಮಾತು ಪದಾಧಿಕಾರಿಗಳ, ಅಂದರೆ ನಿಮ್ಮ ಮಕ್ಕಳ ಮತ್ತು ನಿಮ್ಮ, ತಲೆಯ ಮೇಲೆಯೇ ಬರಬಹುದು. ಆಂಧ್ರಪ್ರದೇಶದ 2001ರ ಸಂಘಗಳ ನೋಂದಣಿ ಕಾಯ್ದೆಯಂತೆ 7 ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ನೋಂದಣಿ, ಸದಸ್ಯರ ಪಟ್ಟಿ, ಬ್ಯಾಂಕ್ ಖಾತೆ ಇದ್ದರೆ ಕಂಪನಿಯೊಡನೆ ಗುಂಪು ವಿಮೆಯ ಮಾತಾಡುವುದೂ ಸುಲಭ.

ಈಗ ನಮ್ಮ ಕೈಗೆಟುಕುವ ದಾರಿಗಳನ್ನು ನೋಡೋಣ. 2015ರಲ್ಲಿ ಬಂದ ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಯ ವಾರ್ಷಿಕ ಕಂತು ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ ಆಗಿದೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ. ಇದು 18ರಿಂದ 70 ವರ್ಷದವರಿಗೆ ಮಾತ್ರ. ಎರಡು ಮಾತು ಗಮನಿಸಿ: ಶಾಲೆಯ ಮಕ್ಕಳು ಇದರಲ್ಲಿ ಬರುವುದಿಲ್ಲ, ಮುರಿದ ಮೂಳೆಯ ಚಿಕಿತ್ಸೆಗೆ ಇದು ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದರೂ ದೊಡ್ಡ ಆಟಗಾರರೂ ನೀವೂ ಸೇರಿಕೊಳ್ಳುವುದು ಒಳ್ಳೆಯದು.

ಮಕ್ಕಳಿಗೆ ಬೇಕಾದದ್ದು ಗುಂಪು ಅಪಘಾತ ವಿಮೆ. ಇದನ್ನು ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ಕಂಪನಿಗಳೂ ಖಾಸಗಿಯವರೂ ಮಾಡುತ್ತಾರೆ. ಮಾಡಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಆಸ್ಪತ್ರೆಯ ಖರ್ಚು ಸೇರಿದೆಯೇ, ಸಾವು ಮತ್ತು ಅಂಗವೈಕಲ್ಯ ಮಾತ್ರವೇ? ಶಾಲೆಯ ಹೊರಗಿನ ಆಟಕ್ಕೂ, ಪಂದ್ಯಕ್ಕೆ ಹೋಗಿಬರುವ ದಾರಿಗೂ ಅನ್ವಯಿಸುತ್ತದೆಯೇ? ಯಾವ ಆಟಗಳನ್ನು ಹೊರಗಿಟ್ಟಿದ್ದಾರೆ? ಬಳ್ಳಾರಿಯ ಆಸ್ಪತ್ರೆಗೆ ಹೋದರೂ ನಡೆಯುತ್ತದೆಯೇ? ಈ ಕೊನೆಯ ಪ್ರಶ್ನೆ ಗಡಿಯವರಾದ ನಮಗೆ ಮುಖ್ಯ. ಪೆಟ್ಟಾದರೆ ನಮ್ಮಲ್ಲಿ ಅನೇಕರು ಕರ್ನೂಲಿಗಿಂತ ಮೊದಲು ಬಳ್ಳಾರಿಯ ದಾರಿ ಹಿಡಿಯುತ್ತಾರೆ. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ 2024ರಲ್ಲಿ ಎನ್.ಟಿ.ಆರ್. ವೈದ್ಯ ಸೇವಾ ಎಂದು ಹೆಸರಾದ ರಾಜ್ಯದ ಯೋಜನೆಯೂ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ದಾಖಲಾಗುವಾಗಲೇ ವಿಚಾರಿಸಿ.

ಇನ್ನು ಭಾಷೆಯ ಮಾತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಕೈಗೆ ಬರುವ ಕಾಗದ ತೆಲುಗಿನದು ಇಲ್ಲವೇ ಇಂಗ್ಲಿಷಿನದು. ಕ್ರೀಡಾಕೂಟಕ್ಕೆ ಕಳಿಸುವಾಗ ಕೊಡುವ ಒಪ್ಪಿಗೆ ಪತ್ರಕ್ಕೆ ಎಷ್ಟೋ ಜನ ಓದದೆ ರುಜು ಹಾಕುತ್ತಾರೆ. ಓದಿಸಿ ಕೇಳದೆ ಹಾಕಬೇಡಿ. ಆ ರುಜುವಿನಿಂದ ಮಕ್ಕಳನ್ನು ಎಚ್ಚರದಿಂದ ನೋಡಿಕೊಳ್ಳುವ ಕರ್ತವ್ಯ ಶಾಲೆಗೆ ತಪ್ಪುವುದಿಲ್ಲ ಎಂಬುದೂ ತಿಳಿದಿರಲಿ. ಸಂವಿಧಾನದ 350ನೇ ವಿಧಿಯಂತೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಲು ನಮಗೆ ಹಕ್ಕಿದೆ. ಆದ್ದರಿಂದ ಒಪ್ಪಿಗೆ ಪತ್ರ ಕನ್ನಡದಲ್ಲೂ ಕೊಡಿ ಎಂದು ಮಂಡಲ ಶಿಕ್ಷಣಾಧಿಕಾರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ವಿಮೆಯ ಅರ್ಜಿಯನ್ನು ಬೇರೆಯವರು ತುಂಬಿದರೆ, ವಿಷಯವನ್ನು ನಿಮ್ಮ ಭಾಷೆಯಲ್ಲಿ ವಿವರಿಸಿದ್ದೇವೆ ಎಂಬ ಹೇಳಿಕೆ ಅದರಲ್ಲಿರುತ್ತದೆ. ನಿಜವಾಗಿ ವಿವರಿಸಿದ ಮೇಲೆಯೇ ರುಜು ಮಾಡಿ.

ಪೆಟ್ಟಾದ ದಿನವೇ ಕಂಪನಿಗೆ ತಿಳಿಸಿ. ವೈದ್ಯರ ಚೀಟಿ, ಎಕ್ಸ್‌ರೇ, ಬಿಲ್ಲು, ಬಿಡುಗಡೆ ಪತ್ರ, ಪಂದ್ಯ ನಡೆಯಿತೆಂಬುದಕ್ಕೆ ಮುಖ್ಯೋಪಾಧ್ಯಾಯರ ಅಥವಾ ಸಂಘದ ಪತ್ರ, ಇವನ್ನೆಲ್ಲ ಒಂದು ಕಡೆ ಇಡಿ. ದೊಡ್ಡ ಅಪಘಾತವಾದರೆ ಪೊಲೀಸರಿಗೂ ತಿಳಿಸಬೇಕು. ಕಂಪನಿ ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ಹೈದರಾಬಾದಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಯದಾಗಿ, ವಿಮೆಯಿಂದ ಹಣ ಬರುತ್ತದೆ, ಹೋದ ಕಣ್ಣು ಬರುವುದಿಲ್ಲ. ಭಾರತಕ್ಕೆ ಆಡಿದ್ದ ರಮಣ್ ಲಾಂಬಾ 1998ರಲ್ಲಿ ಢಾಕಾದ ಒಂದು ಕ್ಲಬ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟುಗಾರನ ಹತ್ತಿರ ನಿಂತಿದ್ದಾಗ ಚೆಂಡು ತಲೆಗೆ ಬಡಿದು ತೀರಿಕೊಂಡರು. ಅಷ್ಟು ನುರಿತ ಆಟಗಾರರಿಗೇ ಹಾಗಾದ ಮೇಲೆ ನಮ್ಮ ಮಕ್ಕಳ ಮಾತೇನು? ಕಬಡ್ಡಿ ಅಂಕಣದ ಕಲ್ಲು ಆರಿಸಿ, ಮಣ್ಣು ಸಡಿಲ ಮಾಡಿಸಿ, ಔಷಧಿ ಪೆಟ್ಟಿಗೆ ಇಡಿಸಿ, ಆಸ್ಪತ್ರೆಗೆ ಒಯ್ಯಲು ಒಂದು ಗಾಡಿ ಗೊತ್ತುಮಾಡಿ.

ಮುಂದಿನ ಪಂದ್ಯಾವಳಿಗೆ ಹುಡುಗರು ಚಂದಾ ಕೇಳಲು ನಿಮ್ಮ ಮನೆ ಬಾಗಿಲಿಗೆ ಬಂದಾಗ, ಕೊಡುವ ಮುಂಚೆ ಒಂದೇ ಮಾತು ಕೇಳಿ: "ವಿಮೆ ಮಾಡಿಸಿದ್ದೀರೇನಪ್ಪಾ?" ನಾಲ್ಕು ಮನೆಯವರು ಹೀಗೆ ಕೇಳಿದರೆ ಐದನೆಯ ಮನೆಗೆ ಬರುವಷ್ಟರಲ್ಲಿ ಅವರು ವಿಚಾರಿಸಿಕೊಂಡೇ ಬರುತ್ತಾರೆ.