ಸರಹದ್ದಿನ ಗೆರೆ, ಊರಿನ ತಕರಾರು



ಈ ಉಪನ್ಯಾಸದ ದತ್ತಿ ಇಟ್ಟ ಕುಟುಂಬದವರು ನನಗೆ ಹೇಳಿದ್ದು ಒಂದೇ ಮಾತು: ಊರಿನವರಿಗೆ ಬಳಕೆಗೆ ಬರುವಂಥ ವಿಷಯ ಇರಲಿ. ಹಾಗಾಗಿ ಇವತ್ತು ಮತಕ್ಷೇತ್ರದ ಗೆರೆಯ ಬಗ್ಗೆ ಮಾತಾಡುತ್ತೇನೆ. ಯಾರಿಗೆ ಓಟು ಹಾಕಬೇಕು ಎಂದು ನಾವು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂತು ಚರ್ಚಿಸುತ್ತೇವೆ. ಆದರೆ ನಮ್ಮ ಓಟು ಯಾವ ಊರಿನ ಓಟಿನ ಜೊತೆ ಎಣಿಕೆಯಾಗಬೇಕು ಎಂಬುದು ಅದಕ್ಕೂ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನದ ಹೊತ್ತಿಗೆ ನಾವು ಅಲ್ಲಿರುವುದಿಲ್ಲ. ನನ್ನ ಸಂಕಟ ಇರುವುದು ಇಲ್ಲೇ.

ಸಂಡೂರಿನ ಜನಕ್ಕೆ ಗೆರೆಯ ಕಥೆ ಹೊಸದಲ್ಲ. 1949ರವರೆಗೆ ಇದು ಘೋರ್ಪಡೆ ಮನೆತನದ ಸಂಸ್ಥಾನ. ಆ ವರ್ಷ ಮದ್ರಾಸು ಪ್ರಾಂತ್ಯಕ್ಕೆ ಸೇರಿ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಯಿತು. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಐದು ವರ್ಷವೂ ತುಂಬುವ ಮೊದಲೇ ಇಲ್ಲಿನ ರೈತ ಮೂರು ಸರ್ಕಾರಗಳಿಗೆ ಕಂದಾಯ ಕಟ್ಟಿದ. ಅವನು ಉಳುತ್ತಿದ್ದ ಹೊಲ ಮಾತ್ರ ಅದೇ.

1953ರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಮಕ್ಕಳ ಪಠ್ಯದಲ್ಲಿ ಏಕೀಕರಣ ಎಂದರೆ 1956ರ ನವೆಂಬರ್ 1 ಮಾತ್ರ. ಬಳ್ಳಾರಿ ಸೀಮೆಗೆ ಅದರ ಹಿಂದಿನ ಮೂರು ವರ್ಷಗಳೇ ದೊಡ್ಡವು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ಆಂಧ್ರ ರಾಜ್ಯ ಆಗುವುದು ಖಚಿತವಾಯಿತು. ಹಾಗಾದರೆ ಮದ್ರಾಸಿನಲ್ಲಿದ್ದ ಬಳ್ಳಾರಿ ಜಿಲ್ಲೆ ಯಾರದು? ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಂಡೂರು, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಿರುಗುಪ್ಪ ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕೊಂದು ತ್ರಿಶಂಕುವಾಗಿ ಉಳಿಯಿತು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರು ವಿಚಾರಣೆ ನಡೆಸಿ ಅದೂ ಮೈಸೂರಿಗೇ ಸೇರಬೇಕು ಎಂದು ವರದಿ ಕೊಟ್ಟರು. ಮನೆಮನೆಯಲ್ಲಿ ಎರಡು ಭಾಷೆ ಆಡುವ ಊರಿನಲ್ಲಿ ಆ ದಿನಗಳು ಹೇಗಿದ್ದಿರಬೇಕು, ನೀವೇ ಊಹಿಸಿ. ವಿಲೀನದ ಹಿಂದಿನ ರಾತ್ರಿ, ಸೆಪ್ಟೆಂಬರ್ 30ರಂದು, ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಅವರ ಮೇಲೆ ಆ್ಯಸಿಡ್ ದಾಳಿಯಾಯಿತು. ಅವರು ಬದುಕಲಿಲ್ಲ. ಗೆರೆ ಎಂದರೆ ಕಾಗದದ ವಿಷಯ ಎಂದು ಯಾರಾದರೂ ಹಗುರವಾಗಿ ಅಂದರೆ ನನಗೆ ಆ ಚಪ್ಪರ ನೆನಪಾಗುತ್ತದೆ.

ಅಲ್ಲಿಗೆ ಮುಗಿಯಿತೇ? ಇಲ್ಲ. ಫಜಲ್ ಅಲಿ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಲ್ಲಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ತುಂಗಭದ್ರಾ ಅಣೆಕಟ್ಟು ಇರುವ ಮಲ್ಲಾಪುರದ ಭಾಗವನ್ನೂ ಆಂಧ್ರಕ್ಕೆ ಕೊಡಿ ಎಂದು ಬರೆದಿತ್ತು. ಭಾಷೆಯ ಲೆಕ್ಕ ಅದಕ್ಕೆ ಮುಖ್ಯವಾಗಿರಲಿಲ್ಲ. ತುಂಗಭದ್ರೆಯ ನೀರು ರಾಯಲಸೀಮೆಗೂ ಹೋಗಬೇಕು, ಆದ್ದರಿಂದ ಅಣೆಕಟ್ಟೆಯ ಕೀಲಿ ಅವರ ಕೈಯಲ್ಲಿರಲಿ ಎಂಬುದು ಅದರ ತರ್ಕ. ಆ ಶಿಫಾರಸು ಜಾರಿಯಾಗಿದ್ದರೆ ಹಂಪಿ ಇವತ್ತು ಇನ್ನೊಂದು ರಾಜ್ಯದಲ್ಲಿರುತ್ತಿತ್ತು. ಸಂಡೂರು ಕರ್ನಾಟಕದಲ್ಲೇ ಉಳಿಯುತ್ತಿತ್ತು, ಆದರೆ ಅದರ ಸಂತೆ, ಆಸ್ಪತ್ರೆ, ರೈಲು ಎಲ್ಲವೂ ಗಡಿಯಾಚೆ. ಊರೂರಲ್ಲಿ ಸಭೆಗಳಾದವು, ವಿರೋಧ ದೆಹಲಿಯವರೆಗೆ ಹೋಯಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಈ ತಾಲ್ಲೂಕುಗಳು ಮೈಸೂರಿನಲ್ಲೇ ಉಳಿದವು. ಆಯೋಗ ಬರೆದ ಗೆರೆಯನ್ನು ಜನ ಅಳಿಸಿದ ಉದಾಹರಣೆ ಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ.

ರಾಜ್ಯದ ಗಡಿ ಒಂದು ಬಗೆ. ಮತಕ್ಷೇತ್ರದ ಗಡಿ ಇನ್ನೊಂದು. ಇದು ಕಣ್ಣಿಗೆ ಕಾಣುವುದಿಲ್ಲ, ಕಲ್ಲು ನೆಟ್ಟಿರುವುದಿಲ್ಲ, ಚೆಕ್‌ಪೋಸ್ಟ್ ಇರುವುದಿಲ್ಲ. ಹಾಗಾಗಿಯೇ ಇದರಲ್ಲಿ ಆಟ ಆಡುವುದು ಸುಲಭ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1812ರಲ್ಲಿ ಎಲ್‌ಬ್ರಿಜ್ ಗೆರಿ ಎಂಬ ಗವರ್ನರ್ ತನ್ನ ಪಕ್ಷಕ್ಕೆ ಅನುಕೂಲವಾಗುವ ಕ್ಷೇತ್ರಗಳ ಮಸೂದೆಗೆ ಸಹಿ ಹಾಕಿದ. ಒಂದು ಕ್ಷೇತ್ರದ ಆಕಾರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತೆಂದು ಪತ್ರಿಕೆಯವರು ಎರಡೂ ಹೆಸರನ್ನು ಬೆಸೆದು ಜೆರಿಮ್ಯಾಂಡರ್ ಎಂದರು. ಆ ಚಾಳಿ ಇನ್ನೂ ಹೋಗಿಲ್ಲ. 2025ರಲ್ಲಿ ಟೆಕ್ಸಾಸ್ ರಾಜ್ಯ ಮುಂದಿನ ಜನಗಣತಿಗೂ ಕಾಯದೆ ನಡುವೆಯೇ ಗೆರೆ ಬದಲಿಸಲು ಹೊರಟಾಗ ವಿರೋಧ ಪಕ್ಷದ ಶಾಸಕರು ಕೋರಂ ಮುರಿಯಲು ರಾಜ್ಯವನ್ನೇ ಬಿಟ್ಟು ಹೋದರು. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾ ಅದೇ ವರ್ಷದ ನವೆಂಬರಿನಲ್ಲಿ ಜನಮತ ಪಡೆದು ತನ್ನ ಗೆರೆಯನ್ನೂ ತಿದ್ದಿಕೊಂಡಿತು. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಗೆರೆ ಎಳೆಯುವವರು ಗೆದ್ದ ಶಾಸಕರೇ.

ನಮ್ಮಲ್ಲಿ ವಿಧಾನಸಭೆ, ಲೋಕಸಭೆಯ ಮಟ್ಟಿಗೆ ಹಾಗಿಲ್ಲ. ಇದನ್ನು ಮೆಚ್ಚಿ ಹೇಳಬೇಕು. 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಬಂದ ಆಯೋಗದಲ್ಲಿ ಸಂಸದರು, ಶಾಸಕರು ಸಹ ಸದಸ್ಯರಾಗಿದ್ದರು, ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಭೂಗೋಳ, ಆಡಳಿತದ ಗಡಿ, ಸಂಚಾರದ ಸೌಕರ್ಯ, ಜನರ ಅನುಕೂಲ ಇವನ್ನು ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕರಡು ಪ್ರಕಟಿಸಿ ಸಾರ್ವಜನಿಕರ ಮಾತು ಕೇಳಬೇಕು. ಅಂತಿಮ ಆದೇಶ ಹೊರಬಿದ್ದ ಮೇಲೆ ಮಾತ್ರ ಕೋರ್ಟಿನ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಆ ಕರಡಿನ ಕೆಲವು ದಿನಗಳೇ ನಮಗಿರುವ ಏಕೈಕ ಸಮಯ.

ಆ ಗೆರೆಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆ ಕಂಡದ್ದು 2008ರ ಕರ್ನಾಟಕ. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲು ಸ್ಥಾನ 2 ಇದ್ದದ್ದು 15 ಆಯಿತು. ಅದರಲ್ಲಿ ಐದು ಅಂದಿನ ಬಳ್ಳಾರಿ ಜಿಲ್ಲೆಯೊಂದಕ್ಕೇ ಬಂದವು: ಸಂಡೂರು, ಕಂಪ್ಲಿ, ಕೂಡ್ಲಿಗಿ, ಸಿರುಗುಪ್ಪ, ಬಳ್ಳಾರಿ. ಕುರುಗೋಡು ಕ್ಷೇತ್ರ ಇಲ್ಲವಾಯಿತು, ಹೊಸಪೇಟೆ ಕ್ಷೇತ್ರಕ್ಕೆ ವಿಜಯನಗರ ಎಂಬ ಹೆಸರು ಬಂತು, ಕಂಪ್ಲಿ ಹೊಸದಾಗಿ ಹುಟ್ಟಿತು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾದ ಬಳ್ಳಾರಿ ಲೋಕಸಭಾ ಕ್ಷೇತ್ರವೂ 2009ರಿಂದ ಪಂಗಡಕ್ಕೆ ಮೀಸಲಾಯಿತು. ಇದೆಲ್ಲ ಯಾರದೋ ಕೈಚಳಕವಲ್ಲ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪಂಗಡದ ಪಟ್ಟಿಗೆ ಸೇರಿದವು, 2001ರ ಗಣತಿಯಲ್ಲಿ ರಾಜ್ಯದ ಪಂಗಡದ ಜನಸಂಖ್ಯೆ ನೂರಕ್ಕೆ 6.55 ಆಯಿತು, ಆ ಜನ ಹೆಚ್ಚಿರುವ ಕಡೆ ಸ್ಥಾನ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಮೀಸಲಾತಿ ನ್ಯಾಯವಾದದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಎಂ.ವೈ. ಘೋರ್ಪಡೆ ಅವರು ಅನೇಕ ಸಲ ಪ್ರತಿನಿಧಿಸಿದ್ದ ಸಂಡೂರಿನಿಂದ 2008ರಿಂದೀಚೆಗೆ, ಆ ವರ್ಷವೂ ಸೇರಿ, ಇ. ತುಕಾರಾಂ ನಾಲ್ಕು ಸಲ ಗೆದ್ದರು, 2024ರಲ್ಲಿ ಅವರು ಸಂಸದರಾದ ಮೇಲೆ ಉಪಚುನಾವಣೆಯಲ್ಲಿ ಇ. ಅನ್ನಪೂರ್ಣ ಗೆದ್ದರು. ಒಂದು ಗೆರೆ, ಒಂದು ಅಧಿಸೂಚನೆ ಇಡೀ ತಾಲ್ಲೂಕಿನ ರಾಜಕೀಯದ ಮುಖವನ್ನೇ ಬದಲಿಸಿತು ಎಂಬುದಕ್ಕೆ ಇದನ್ನು ಹೇಳಿದೆ.

ಆಮೇಲೆ 2021ರಲ್ಲಿ ಜಿಲ್ಲೆಯೇ ಎರಡಾಯಿತು. ಬಳ್ಳಾರಿಯಲ್ಲಿ ಬಂದ್ ನಡೆಯಿತು, ಹೊಸಪೇಟೆಯಲ್ಲಿ ಪಟಾಕಿ ಹಚ್ಚಿದರು. ಎರಡೂ ಕಡೆಯ ಭಾವನೆ ನಿಜವೇ. ಹಿಂದೆ ಹೊಸಪೇಟೆ ತಾಲ್ಲೂಕಿಗೇ ಸೇರಿದ್ದ ಕಂಪ್ಲಿ ಈಗ ಬಳ್ಳಾರಿ ಜಿಲ್ಲೆಯಲ್ಲಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೊಪ್ಪಳದ ಸಂಸದರನ್ನು ಆರಿಸುತ್ತದೆ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ದಾವಣಗೆರೆಯವರನ್ನು ಆರಿಸುತ್ತದೆ. ಲೋಕಸಭಾ ಸ್ಥಾನ ಯಾವ ರಾಜ್ಯಕ್ಕೆಷ್ಟು ಎಂಬುದು 1971ರ ಗಣತಿಗೆ ನಿಂತಿದೆ, ನಮಗೆ 28. 2026ರ ನಂತರದ ಮೊದಲ ಗಣತಿಯ ಲೆಕ್ಕ ಬಂದ ಮೇಲೆ ಅದೂ ಬದಲಾಗಬಹುದೆಂಬ ಆತಂಕದಿಂದ ದಕ್ಷಿಣದ ನಾಯಕರು 2025ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಸೇರಿದ್ದರು. ಆ ಆತಂಕದಲ್ಲಿ ನಾನೂ ಪಾಲುದಾರ. ಆದರೆ ದೆಹಲಿಯ ಗೆರೆಗೆ ಬೀದಿಗಿಳಿಯುವ ನಾಯಕರು ತಾಲ್ಲೂಕಿನ ಗೆರೆಯ ಬಗ್ಗೆ ಬಾಯಿ ಬಿಡುವುದಿಲ್ಲ.

ಈಗ ಆ ತಾಲ್ಲೂಕಿನ ಗೆರೆಗೆ ಬರುತ್ತೇನೆ. ಇವತ್ತು ನಾನು ಬಂದದ್ದೇ ಇದನ್ನು ಹೇಳಲಿಕ್ಕೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ನಾವು ಕೊನೆಯ ಸಲ ಓಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಆ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗೆರೆ ಎಳೆದು, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಅಂದಿನ ಬಿಜೆಪಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ತೆಗೆದು, ತಾನೇ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮಾಡಿದ ಕೆಲಸ ನೀರುಪಾಲು. 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಗಿ ಕಾಂಗ್ರೆಸ್ ಬಂತು. 2025 ಬಂದಾಗಲೂ ಚುನಾವಣೆ ಬಂದಿರಲಿಲ್ಲ. ಕ್ಷೇತ್ರ ವಿಂಗಡಣೆಯ ನೆಪದಲ್ಲಿ ಸ್ಥಳೀಯ ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಪ್ರಕರಣದಲ್ಲಿ ಹೇಳಿಯಾಗಿದೆ. ಗೆರೆಯನ್ನು ಓರೆಯಾಗಿ ಎಳೆಯುವುದು ಅಮೆರಿಕದ ರೋಗ. ಗೆರೆ ಎಳೆಯುತ್ತಲೇ ಇದ್ದೇವೆ ಎಂದು ಹೇಳಿಕೊಂಡು ಓಟನ್ನೇ ತಡೆದಿಡುವುದು ನಮ್ಮ ರೋಗ. ಇದರಲ್ಲಿ ಎರಡೂ ಪಕ್ಷಗಳಿಗೆ ಪಾಲಿದೆ, ಏಕೆಂದರೆ ಆಡಳಿತಾಧಿಕಾರಿ ಕೂತಿರುವ ಪಂಚಾಯಿತಿಯಲ್ಲಿ ಶಾಸಕರ ಮಾತಿಗೆ ಎದುರು ಮಾತು ಇರುವುದಿಲ್ಲ.

ಬೇರೆ ಜಿಲ್ಲೆಗಿಂತ ನಮಗೆ ಇದರ ನಷ್ಟ ಹೆಚ್ಚು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಅದಿರಿನ ಮಾರಾಟದಿಂದ ಕೂಡಿಟ್ಟ ಹಣದಲ್ಲಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆ. ಕೆಂಪು ಧೂಳು ನುಂಗಿದ ಊರುಗಳ ಹೆಸರಿನಲ್ಲಿ ಬಂದ ಈ ಹಣ ರಸ್ತೆಗೋ, ಶಾಲೆಗೋ, ಕುಡಿಯುವ ನೀರಿಗೋ ಎಂದು ಹಂಚುವ ಹೊತ್ತಿನಲ್ಲೇ ನಮಗೆ ಚುನಾಯಿತ ಜಿಲ್ಲಾ ಪಂಚಾಯಿತಿ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ರೂಪುಗೊಂಡಾಗ ಆ ಇಲಾಖೆಯ ಸಚಿವರಾಗಿದ್ದವರು ಇದೇ ಸಂಡೂರಿನ ಎಂ.ವೈ. ಘೋರ್ಪಡೆಯವರು. ಅದನ್ನು ನೆನೆದರೆ ನನಗೆ ನೋವಾಗುತ್ತದೆ.

ಒಂದು ಅನುಭವ ಹೇಳುತ್ತೇನೆ. 2021ರ ಆರಂಭದಲ್ಲಿ ನಾವು ಐದು ಜನ ಒಂದು ಕಚೇರಿಗೆ ತಕರಾರು ಅರ್ಜಿ ಒಯ್ದಿದ್ದೆವು. ಕರಡಿನಲ್ಲಿ ಒಂದು ತಾಂಡಾವನ್ನು ಗುಡ್ಡದ ಆಚೆಯ ಊರಿನ ಜೊತೆ ಸೇರಿಸಿದ್ದರು. ನಕ್ಷೆಯಲ್ಲಿ ಎರಡೂ ಮಗ್ಗುಲಿಗೆ ಮಗ್ಗುಲು. ನಡುವಿನ ಗುಡ್ಡ ಹತ್ತಿ ಇಳಿಯಲು ದಾರಿ ಇಲ್ಲ, ಸುತ್ತಿ ಹೋಗಬೇಕು, ಮಳೆಗಾಲದಲ್ಲಿ ಹಳ್ಳ ಬಂದರೆ ಅದೂ ಇಲ್ಲ. ನಮಗೆ ಸಿಕ್ಕ ಉತ್ತರ, ಅವಧಿ ನಿನ್ನೆಗೇ ಮುಗಿಯಿತು ಎಂದು. ನೋಟಿಸು ಕಚೇರಿಯ ಒಳಕೋಣೆಯ ಬೋರ್ಡಿನಲ್ಲಿ ಇತ್ತು. ನಮ್ಮ ಜೊತೆ ಬಂದಿದ್ದ ಅಂಗನವಾಡಿಯ ಅಕ್ಕ ಬೆರಳು ಮಡಚಿ ದಿನ ಎಣಿಸಿದರು. ನೋಟಿಸಿನ ತಾರೀಖಿನಿಂದ ಎಣಿಸಿದರೆ ಇನ್ನೂ ಒಂದು ದಿನ ಉಳಿದಿತ್ತು. ಅರ್ಧ ಗಂಟೆ ಅವರು ಕದಲಲಿಲ್ಲ. ಕೊನೆಗೆ ಕಚೇರಿಯವರು ಇನ್‌ವರ್ಡ್ ನಂಬರ್ ಬರೆದು ಮೊಹರು ಹಾಕಿಕೊಟ್ಟರು. ಆ ಕರಡೂ ನಮ್ಮ ತಕರಾರೂ ತಿದ್ದುಪಡಿಯಲ್ಲಿ ಕೊಚ್ಚಿಹೋದವು, ನಿಜ. ಆದರೆ ಮುಂದಿನ ಕರಡು ಬಂದಾಗ ಆ ಅಕ್ಕನನ್ನು ಯಾರೂ ಕರೆಯಬೇಕಾಗಲಿಲ್ಲ. ಹಳೆಯ ಸ್ವೀಕೃತಿಯ ಜೆರಾಕ್ಸ್ ಹಿಡಿದು ಅವರೇ ಬಂದರು, ಈ ಸಲ ಹದಿನೆಂಟು ಜನರ ಸಹಿಯೊಂದಿಗೆ.

1973ರಲ್ಲಿ ಇಲ್ಲಿನ ಇನಾಂ ಭೂಮಿಯ ರೈತರು ಸಮಾಜವಾದಿಗಳ ಜೊತೆ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅದರ ಮುಂದೆ ಒಂದು ಅರ್ಜಿ ಸಣ್ಣದು ಎನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಅರ್ಜಿಯಲ್ಲಿ ಪಕ್ಷದ ಹೆಸರು ಬೇಡ. ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಮಕ್ಕಳು ಯಾವ ಊರಿನ ಹೈಸ್ಕೂಲಿಗೆ ಹೋಗುತ್ತಾರೆ, ರೇಷನ್ ಅಂಗಡಿ ಎಲ್ಲಿ, ನಾರಿಹಳ್ಳ ತುಂಬಿದರೆ ಯಾವ ದಾರಿ ಕಟ್ಟಾಗುತ್ತದೆ ಇಷ್ಟನ್ನು ಬರೆಯಿರಿ. ಇದು ಬೆಂಗಳೂರಿನ ಯಾವ ಕಂಪ್ಯೂಟರಿಗೂ ಗೊತ್ತಿಲ್ಲ, ನಿಮಗೆ ಗೊತ್ತು.

ಹಿಂದಿನ ಮೇಜಿನ ಮೇಲೆ ಸಂಡೂರು ತಾಲ್ಲೂಕಿನ ನಕ್ಷೆ ಹರವಿ ಇಟ್ಟಿದ್ದೇವೆ, ಪಕ್ಕದಲ್ಲಿ ಪೆನ್ಸಿಲುಗಳಿವೆ. ಚಹಾ ಕುಡಿಯುವ ಮೊದಲು ಒಮ್ಮೆ ಬನ್ನಿ. ನಿಮ್ಮ ಊರು ಎಲ್ಲಿದೆ ನೋಡಿ, ಅದರ ಹಳ್ಳ, ದಾರಿ, ಗುಡ್ಡ ಬಿಟ್ಟುಹೋಗಿದ್ದರೆ ಗುರುತು ಹಾಕಿ.