ಬ್ಯಾಂಕುಗಳು ಒಂದಾದಾಗ ಕಂಪ್ಯೂಟರುಗಳು ಒಂದಾದದ್ದು ಹೇಗೆ?

(ನುಗ್ಗೇಹಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನಡೆದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ದೊಡ್ಡ ಸಂಸ್ಥೆಗಳ ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವುದು ನನ್ನ ಕೆಲಸ. ಹಾಗೆಂದರೇನು ಎಂದು ನಮ್ಮ ಮನೆಯವರೇ ಇನ್ನೂ ಕೇಳುತ್ತಾರೆ. ನಿಮ್ಮ ಪಾಸ್‌ಬುಕ್ಕನ್ನೇ ಉದಾಹರಣೆಯಾಗಿಟ್ಟುಕೊಂಡು ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ನಾಡಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಈಗ ಹಳೆಯ ಪಾಸ್‌ಬುಕ್ಕುಗಳಲ್ಲಿ ಮಾತ್ರ ಉಳಿದಿದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಈ ಕಾರ್ಪೊರೇಷನ್ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ 5,000 ರೂಪಾಯಿ ಬಂಡವಾಳದಿಂದ ಕಟ್ಟಿದವರು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಇದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಬ್ಯಾಂಕಿನ ಮುಂದಿನ ಬೋರ್ಡನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಒಳಗಿನ ಕಂಪ್ಯೂಟರ್ ಲೆಕ್ಕವನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ವಿಲೀನ ಪ್ರಕಟಿಸಿದಾಗ, ಸೇರುವ ಬ್ಯಾಂಕುಗಳ ಮೂಲ ಸಾಫ್ಟ್‌ವೇರ್ ಒಂದೇ ಎಂಬುದೂ ಒಂದು ಅನುಕೂಲವೆಂದು ಹೇಳಲಾಯಿತು. ಯೂನಿಯನ್, ಆಂಧ್ರ, ಕಾರ್ಪೊರೇಷನ್ ಬ್ಯಾಂಕುಗಳಲ್ಲಿದ್ದದ್ದು ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್. ಕೆನರಾ ಮತ್ತು ಸಿಂಡಿಕೇಟ್ ಎರಡರಲ್ಲೂ ಐ-ಫ್ಲೆಕ್ಸ್. ಹಾಗಾದರೆ ಕೆಲಸ ಸುಲಭವಲ್ಲವೇ ಎಂದು ನೀವು ಕೇಳಬಹುದು.

ಎರಡು ಶಾಲೆಗಳನ್ನು ಒಂದು ಮಾಡುತ್ತೇವೆ ಎಂದುಕೊಳ್ಳಿ. ಎರಡರಲ್ಲೂ ಒಂದೇ ಅಂಗಡಿಯಿಂದ ತಂದ ದಾಖಲಾತಿ ಪುಸ್ತಕವಿದೆ. ಆದರೆ 214ನೇ ನಂಬರು ಇಲ್ಲಿ ಒಬ್ಬ ಹುಡುಗನದು, ಅಲ್ಲಿ ಒಬ್ಬ ಹುಡುಗಿಯದು. ಇಲ್ಲಿ ತಂದೆಯ ಹೆಸರನ್ನು ಪೂರ್ತಿ ಬರೆದಿದ್ದಾರೆ, ಅಲ್ಲಿ ಇನಿಷಿಯಲ್ ಮಾತ್ರ. ಪುಸ್ತಕ ಒಂದೇ, ಬರೆದ ರೀತಿ ಬೇರೆ. ಸಾಫ್ಟ್‌ವೇರ್‌ನ ಕಥೆಯೂ ಇದೇ.

ನಂಬರಿನ ತೊಡಕನ್ನು ಬಿಡಿಸಲು ಸುಲಭದ ಉಪಾಯಗಳಿವೆ. ಐ.ಎಫ್.ಎಸ್.ಸಿ. ಸಂಕೇತದಲ್ಲಿ 11 ಅಕ್ಷರ-ಅಂಕಿಗಳಿರುತ್ತವೆ. ಮೊದಲ ನಾಲ್ಕು ಬ್ಯಾಂಕಿನದು, ನಂತರ ಒಂದು ಸೊನ್ನೆ, ಕೊನೆಯ ಆರು ಶಾಖೆಯದು. ಸಿಂಡಿಕೇಟ್ ಶಾಖೆಗಳ ಹಳೆಯ ಸಂಖ್ಯೆಗೆ 10,000 ಕೂಡಿಸಿ ಕೆನರಾದ ಅಕ್ಷರಗಳನ್ನು ಮುಂದೆ ಇಟ್ಟರು. 1234 ಎಂದಿದ್ದ ಶಾಖೆ 11234 ಆಯಿತು. ಒಂದರ ಮೇಲೊಂದು ಬೀಳುವ ಭಯ ತಪ್ಪಿತು. ಇಷ್ಟಾದರೂ ಹಳೆಯ ಸಂಕೇತವನ್ನು 2021ರ ಜೂನ್ 30ರವರೆಗೆ, ಅಂದರೆ ವಿಲೀನವಾಗಿ ಹದಿನೈದು ತಿಂಗಳು, ನಡೆಸಬೇಕಾಯಿತು. ಎಷ್ಟೋ ಜನರ ಸಂಬಳ, ಪಿಂಚಣಿ, ಸಾಲದ ಕಂತು ಆ ಸಂಕೇತಕ್ಕೆ ಅಂಟಿಕೊಂಡಿದ್ದವು.

ಖಾತೆಯ ಲೆಕ್ಕದ ಸುತ್ತ ಎ.ಟಿ.ಎಂ., ಮೊಬೈಲ್, ಸಾಲ, ಚೆಕ್ಕು, ನೌಕರರ ಸಂಬಳ ಎಂದು ಬೇರೆ ಬೇರೆ ಸಾಫ್ಟ್‌ವೇರ್‌ಗಳಿರುತ್ತವೆ. ಅಂಥ ಹತ್ತನ್ನು ಒಂದೊಂದಕ್ಕೂ ನೇರವಾಗಿ ಜೋಡಿಸಿದರೆ 45 ಕೊಂಡಿಗಳು ಬೇಕು. ನಡುವೆ ದುಭಾಷಿಯಂತೆ ಒಂದು ಸಾಫ್ಟ್‌ವೇರ್ ಇಟ್ಟರೆ ಹತ್ತೇ ಸಾಕು. ಒಂದು ಹಾಳಾದರೆ ಎಲ್ಲಿ ಹಾಳಾಯಿತೆಂದು ಹುಡುಕುವುದೂ ಸುಲಭ. ಲೆಕ್ಕ ಸಾಗಿಸುವ ಮೊದಲು ಹಲವು ಸಲ ಪ್ರಯೋಗ ಮಾಡುತ್ತೇವೆ. ಸಾಗಿಸುವ ಮೊದಲಿನ ಮೊತ್ತಕ್ಕೂ ನಂತರದ ಮೊತ್ತಕ್ಕೂ ಒಂದು ಪೈಸೆಯ ವ್ಯತ್ಯಾಸವಿದ್ದರೂ ಮುಂದೆ ಹೋಗುವಂತಿಲ್ಲ.

ಆದರೆ ಹಣ ತಾಳೆಯಾದಷ್ಟು ಸುಲಭವಾಗಿ ಹೆಸರು ತಾಳೆಯಾಗುವುದಿಲ್ಲ. ಇದನ್ನು ನಾನು ಕಲಿತದ್ದು ಕಚೇರಿಯಲ್ಲಲ್ಲ, ನಮ್ಮ ಮನೆಯಲ್ಲಿ.

ನನ್ನ ತಂಗಿ ಪಿ.ಯು.ಸಿ. ಓದುವಾಗ ಅವಳಿಗೆ ಎರಡು ಬ್ಯಾಂಕುಗಳಲ್ಲಿ ಖಾತೆಯಿತ್ತು. ಆ ಎರಡೂ ಬ್ಯಾಂಕುಗಳು ಒಂದಾದವು. ಒಂದರಲ್ಲಿ ಹೆಸರಿನ ಕೊನೆಗೆ ‘ಬಾನು’ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತಂದೆಯ ಹೆಸರು ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ಬರೀ ‘ಎಂ.ಡಿ.’. ಇಬ್ಬರೂ ಒಬ್ಬರೇ ಎಂದು ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಖಾತೆ ತಡೆಹಿಡಿಯಲ್ಪಟ್ಟಿತು, ವಿದ್ಯಾರ್ಥಿವೇತನ ವಾಪಸು ಹೋಯಿತು. ಕಾಲೇಜಿನ ಶುಲ್ಕಕ್ಕಾಗಿ ನಮ್ಮ ತಾಯಿ ಕಿವಿಯ ಓಲೆ ಅಡವಿಟ್ಟರು. ನನಗೆ ತಿಳಿದದ್ದು ಆಮೇಲೆ.

ಆಗ ನಾನು ಬೆಂಗಳೂರಿನಲ್ಲಿ ಇಂಥದೇ ಕೆಲಸ ಮಾಡುತ್ತಿದ್ದೆ. ಹೆಸರು ತಾಳೆಯಾಗದ ಗ್ರಾಹಕರನ್ನು ‘ಸಂದೇಹದ ಪಟ್ಟಿ’ಗೆ ತಳ್ಳುವ ನಿಯಮವನ್ನು ನನ್ನ ಕೈಯಾರೆ ಬರೆದಿದ್ದೆ. ಅದು ಬೇರೆ ಸಂಸ್ಥೆಯ ಕೆಲಸ, ನಿಜ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ಆ ಪಟ್ಟಿ ನನಗೆ ಬರೀ ಸಾಲುಗಳಾಗಿತ್ತು. ಈಗ ನಮ್ಮ ತಂಡದಲ್ಲಿ ಒಂದು ಮಾತು ಪಾಲಿಸುತ್ತೇವೆ: ಯಂತ್ರಕ್ಕೆ ಅನುಮಾನ ಬಂದರೆ ಖಾತೆ ನಿಲ್ಲಿಸುವ ಮೊದಲು ಆ ಮನುಷ್ಯನನ್ನು ಕೇಳಬೇಕು.

ಪೋಷಕರಲ್ಲಿ ನನ್ನದೊಂದು ಮನವಿ. ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಮಗುವಿನ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಅಚ್ಚಾಗುವ ಮೊದಲೇ ಸರಿಪಡಿಸಿ. ಬ್ಯಾಂಕು ವಿಲೀನವಾಗಿದ್ದರೆ ಹೊಸ ಸಂಕೇತವನ್ನು ಕೇಳಿ ಬರೆಸಿಕೊಳ್ಳಿ.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಇಂಜಿನಿಯರುಗಳಷ್ಟೇ ಸಾಲದು. ಜಮಾ-ಖರ್ಚು ತಿಳಿದ ಬಿ.ಕಾಂ. ಪದವೀಧರರು ಬೇಕು, ಹಳ್ಳಿಯ ಹೆಸರುಗಳನ್ನು ನೋಡಿದ ಕೂಡಲೇ ಗುರುತಿಸುವವರು ಬೇಕು. ‘ಹುಸೇನ್’ ಮತ್ತು ‘ಹುಸೈನ್’ ಒಬ್ಬನೇ ಇರಬಹುದು ಎಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಕಂಪ್ಯೂಟರಿಗೆ ಕಲಿಸಲು ನೀವು ಬನ್ನಿ.

ತಂಗಿ ಮುಂದಿನ ವರ್ಷ ಪದವಿಗೆ ಸೇರಿದಳು. ಓಲೆಯನ್ನೂ ಬಿಡಿಸಿಕೊಂಡೆವು. ಎಲ್ಲ ಮನೆಗಳಲ್ಲೂ ಅಡವಿಡಲು ಓಲೆ ಇರುವುದಿಲ್ಲ ಎಂಬುದನ್ನು ನೆನಪಿಸಿ ನನ್ನ ಮಾತು ಮುಗಿಸುತ್ತೇನೆ.